ರೂಪಾಯಿ–ಪೌಂಡ್ ದರ ಬರೆದವರು ಯಾರು?

ಪ್ರತಿ ವರ್ಷ ಆಗಸ್ಟ್ ಬಂತೆಂದರೆ ನಿಮ್ಮಲ್ಲಿ ಹಲವರ ಮೊಬೈಲಿಗೆ ಒಂದು ಸಂದೇಶ ಬಂದೇ ಬರುತ್ತದೆ: ‘1947ರಲ್ಲಿ ಒಂದು ಡಾಲರಿಗೆ ಒಂದೇ ರೂಪಾಯಿ ಇತ್ತು, ಈಗ ನೋಡಿ.’ ಇದಕ್ಕಿಂತ ಧಾರಾಳಿಗಳು ಇನ್ನೊಂದನ್ನು ಕಳಿಸುತ್ತಾರೆ: ‘1917ರಲ್ಲಿ ಒಂದು ರೂಪಾಯಿಗೆ 13 ಡಾಲರ್ ಸಿಗುತ್ತಿತ್ತು.’ ಎರಡೂ ಸುಳ್ಳು. ಸುಳ್ಳು ಎಂದು ಹೇಳಿ ಮುಂದೆ ಹೋಗಬಹುದು. ಆದರೆ ಇದನ್ನು ಪರೀಕ್ಷಿಸುವ ದಾರಿಯಲ್ಲೇ ಇವತ್ತಿನ ಇಡೀ ವಿಷಯ ಅಡಗಿದೆ. ಆದ್ದರಿಂದ ಲೆಕ್ಕ ಮಾಡಿಯೇ ನೋಡೋಣ.

1947ರಲ್ಲಿ ರೂಪಾಯಿಗೆ ಡಾಲರಿನೊಡನೆ ನೇರ ವ್ಯವಹಾರ ಇರಲಿಲ್ಲ. ಅದನ್ನು ಕಟ್ಟಿಹಾಕಿದ್ದು ಬ್ರಿಟಿಷ್ ಪೌಂಡಿಗೆ. ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ (ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ). ಅದೇ ಪೌಂಡಿಗೆ ಆಗ 4.03 ಡಾಲರ್. ಒಂದನ್ನು ಇನ್ನೊಂದರಿಂದ ಭಾಗಿಸಿ: ಡಾಲರಿಗೆ ಸುಮಾರು 3 ರೂಪಾಯಿ 5 ಆಣೆ. 1917ಕ್ಕೆ ಹೋದರೆ ಪೌಂಡಿಗೆ ಹದಿನಾಲ್ಕು–ಹದಿನೈದು ರೂಪಾಯಿ, ಪೌಂಡಿಗೆ 4.76 ಡಾಲರ್. ಅಂದರೆ ಆಗಲೂ ಡಾಲರಿಗೆ ಮೂರು ರೂಪಾಯಿಯ ಆಸುಪಾಸು. ಹೀಗಾಗಿ ನಾನು ಇವತ್ತು ಡಾಲರನ್ನು ಪಕ್ಕಕ್ಕಿಟ್ಟು ಪೌಂಡಿನ ಕಥೆಯನ್ನೇ ಹೇಳುತ್ತೇನೆ. ಸುಮಾರು ನೂರು ವರ್ಷ ನಮ್ಮ ರೂಪಾಯಿ ಲೋಕವನ್ನು ನೋಡಿದ್ದು ಲಂಡನ್ನಿನ ಮೂಲಕ. ಆ ಅವಧಿಯ ದರಪಟ್ಟಿಯಲ್ಲಿರುವ ಬಹುತೇಕ ಅಂಕಿಗಳನ್ನು ಯಾರೋ ಒಂದು ಮೇಜಿನ ಸುತ್ತ ಕೂತು ಬರೆದಿದ್ದಾರೆ. ಯಾರು ಕೂತಿದ್ದರು, ಯಾರಿಗೆ ಅಲ್ಲಿ ಕುರ್ಚಿ ಇರಲಿಲ್ಲ ಎಂಬುದೇ ನನ್ನ ಪ್ರಶ್ನೆ.

ಮೊದಲು ಅಳತೆಯನ್ನು ಗಟ್ಟಿ ಮಾಡಿಕೊಳ್ಳೋಣ, ಇಲ್ಲದಿದ್ದರೆ ಮುಂದೆ ತಲೆ ತಿರುಗುತ್ತದೆ. ಹಳೆಯ ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್, ಒಟ್ಟು 240 ಪೆನ್ಸ್. ಆ ಕಾಲದವರು ‘ಪೌಂಡಿಗೆ ಎಷ್ಟು ರೂಪಾಯಿ’ ಎಂದು ಕೇಳುತ್ತಿರಲಿಲ್ಲ, ‘ರೂಪಾಯಿಗೆ ಎಷ್ಟು ಪೆನ್ಸ್’ ಎಂದು ಕೇಳುತ್ತಿದ್ದರು. ರೂಪಾಯಿಗೆ 2 ಷಿಲಿಂಗ್ ಎಂದರೆ ಪೌಂಡಿಗೆ 10 ರೂಪಾಯಿ. 1 ಷಿಲಿಂಗ್ 6 ಪೆನ್ಸ್ ಎಂದರೆ 13 ರೂಪಾಯಿ ಚಿಲ್ಲರೆ. 1 ಷಿಲಿಂಗ್ 4 ಪೆನ್ಸ್ ಎಂದರೆ 15 ರೂಪಾಯಿ. ಈ ಮೂರು ದರ ನೆನಪಿನಲ್ಲಿದ್ದರೆ ಸಾಕು. ಅರ್ಧ ಶತಮಾನದ ಜಗಳವೆಲ್ಲ ಈ ಮೂರರ ನಡುವೆಯೇ ನಡೆದದ್ದು.

1835ರ ಕಾನೂನಿನ ಪ್ರಕಾರ ರೂಪಾಯಿ ಒಂದು ಬೆಳ್ಳಿ ನಾಣ್ಯ. ತೂಕ 180 ಗ್ರೇನ್, ಅದರಲ್ಲಿ 165 ಗ್ರೇನ್ ಅಪ್ಪಟ ಬೆಳ್ಳಿ. ಪೌಂಡ್ ಚಿನ್ನದ್ದು. ಹಾಗಾಗಿ ರೂಪಾಯಿ–ಪೌಂಡ್ ದರ ಎಂದರೆ ನಿಜವಾಗಿ ಬೆಳ್ಳಿ–ಚಿನ್ನದ ದರ. 1870ರ ದಶಕದ ಆರಂಭದವರೆಗೆ ಅದು ಹೆಚ್ಚುಕಡಿಮೆ 2 ಷಿಲಿಂಗಿನ ಹತ್ತಿರವೇ ಇತ್ತು. ಆಮೇಲೆ ಜರ್ಮನಿ ಚಿನ್ನಕ್ಕೆ ಬದಲಾಯಿಸಿ ತನ್ನ ಬೆಳ್ಳಿಯನ್ನು ಮಾರುಕಟ್ಟೆಗೆ ಸುರಿಯಿತು. ಫ್ರಾನ್ಸ್ ಮತ್ತು ಅದರ ಜೊತೆಗಾರ ದೇಶಗಳು ಬೆಳ್ಳಿ ನಾಣ್ಯ ಅಚ್ಚು ಹಾಕುವುದನ್ನು ನಿಲ್ಲಿಸಿದವು. ಅಮೆರಿಕದ ನೆವಾಡದ ಗಣಿಗಳಿಂದ ಹೊಸ ಬೆಳ್ಳಿ ಬರುತ್ತಲೇ ಇತ್ತು. ಬೆಲೆ ಕುಸಿಯಿತು, ಅದರೊಂದಿಗೆ ರೂಪಾಯಿಯೂ ಕುಸಿಯಿತು. 1892–93ರ ಹೊತ್ತಿಗೆ ಅದು 1 ಷಿಲಿಂಗ್ 3 ಪೆನ್ಸಿಗೆ ಬಂದು ನಿಂತಿತ್ತು.

ಇದರಿಂದ ಯಾರಿಗೆ ತೊಂದರೆ? ಹಳ್ಳಿಯಲ್ಲಿ ರಾಗಿ ಬೆಳೆದು ತಿನ್ನುವವನಿಗೆ ಅಷ್ಟಾಗಿ ಏನೂ ಇಲ್ಲ. ರಫ್ತಿಗೆ ಹತ್ತಿ, ಗೋಧಿ ಕೊಡುವವನಿಗೆ ಲಾಭವೇ ಆಯಿತು ಎನ್ನಬಹುದು. ಕಂಗಾಲಾದದ್ದು ಸರ್ಕಾರ. ಭಾರತ ಸರ್ಕಾರ ಪ್ರತಿ ವರ್ಷ ಲಂಡನ್ನಿನಲ್ಲಿ ಪೌಂಡ್ ಲೆಕ್ಕದಲ್ಲಿ ಹಣ ಕಟ್ಟಬೇಕಿತ್ತು: ಅಲ್ಲಿ ಎತ್ತಿದ ಸಾಲದ ಬಡ್ಡಿ, ರೈಲ್ವೆ ಕಂಪನಿಗಳಿಗೆ ಖಾತರಿ ಕೊಟ್ಟಿದ್ದ ಲಾಭ, ನಿವೃತ್ತ ಅಧಿಕಾರಿಗಳ ಪಿಂಚಣಿ, ಅಲ್ಲಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನ ಖರ್ಚು. ಇದಕ್ಕೆ ಹೋಮ್ ಚಾರ್ಜಸ್ ಎಂದು ಹೆಸರು. ಲೆಕ್ಕದ ಅನುಕೂಲಕ್ಕೆ ಒಂದು ಕೋಟಿ ಪೌಂಡ್ ಎಂದುಕೊಳ್ಳಿ. ರೂಪಾಯಿಗೆ 2 ಷಿಲಿಂಗ್ ಇದ್ದಾಗ ಅದಕ್ಕೆ 10 ಕೋಟಿ ರೂಪಾಯಿ ಸಾಕು. 1 ಷಿಲಿಂಗ್ 3 ಪೆನ್ಸ್ ಆದಾಗ ಅದೇ ಬಾಬತ್ತಿಗೆ 16 ಕೋಟಿ ಬೇಕು. ಆ ಆರು ಕೋಟಿ ಎಲ್ಲಿಂದ ಬರಬೇಕು? ಇಲ್ಲಿನ ತೆರಿಗೆಯಿಂದ.

ಹಣ ಲಂಡನ್ನಿಗೆ ಹೋಗುತ್ತಿದ್ದ ಬಗೆಯೂ ಸ್ವಾರಸ್ಯವಾಗಿದೆ. ಹಡಗಿನಲ್ಲಿ ಬೆಳ್ಳಿ ತುಂಬಿ ಕಳಿಸುತ್ತಿರಲಿಲ್ಲ. ಭಾರತದ ಸರಕನ್ನು ಕೊಂಡ ಬ್ರಿಟಿಷ್ ವ್ಯಾಪಾರಿ ಲಂಡನ್ನಿನಲ್ಲೇ ಪೌಂಡ್ ಕೊಟ್ಟು ಕೌನ್ಸಿಲ್ ಬಿಲ್ ಎಂಬ ಹುಂಡಿ ಕೊಳ್ಳುತ್ತಿದ್ದ. ಆ ಹುಂಡಿಯನ್ನು ಕಲ್ಕತ್ತೆಯಲ್ಲೋ ಬೊಂಬಾಯಿಯಲ್ಲೋ ತೋರಿಸಿದರೆ ಸರ್ಕಾರಿ ಖಜಾನೆಯಿಂದ ರೂಪಾಯಿ ಸಿಗುತ್ತಿತ್ತು. ಹೀಗೆ ನಮ್ಮ ರೈತ ಬೆಳೆದದ್ದಕ್ಕೆ ನಮ್ಮದೇ ಕಂದಾಯದ ಹಣ ಪಾವತಿಯಾಗುತ್ತಿತ್ತು. ಪೌಂಡ್ ಮಾತ್ರ ಲಂಡನ್ ಬಿಟ್ಟು ಕದಲುತ್ತಿರಲಿಲ್ಲ. ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ಕಂಡಾಗ ಸಿಟ್ಟಿನ ಜೊತೆಗೆ ಸ್ವಲ್ಪ ಮೆಚ್ಚುಗೆಯೂ ಬರುತ್ತದೆ, ಏನು ಮಾಡೋಣ.

ಕುಸಿಯುತ್ತಿದ್ದ ರೂಪಾಯಿಗೆ ಪರಿಹಾರ ಹುಡುಕಲು ಹರ್ಷಲ್ ಸಮಿತಿ ಕೂತಿತು. 1893ರ ಜೂನ್ 26ರಂದು ಟಂಕಸಾಲೆಗಳು ಸಾರ್ವಜನಿಕರ ಪಾಲಿಗೆ ಮುಚ್ಚಿದವು. ಅಲ್ಲಿಯವರೆಗೆ ಯಾರು ಬೇಕಾದರೂ ಬೆಳ್ಳಿ ಒಯ್ದು, ಸಣ್ಣ ಶುಲ್ಕ ಕೊಟ್ಟು, ರೂಪಾಯಿ ಹೊಡೆಸಿಕೊಂಡು ಬರಬಹುದಿತ್ತು. ಇದರ ಅರ್ಥವನ್ನು ಸ್ವಲ್ಪ ನಿಂತು ಯೋಚಿಸಿ. ಬರಗಾಲದಲ್ಲಿ ಹೆಂಡತಿಯ ಕಾಲ್ಗಡಗವನ್ನು ಮಾರುವ ರೈತನಿಗೆ ಅದು ಹೆಚ್ಚುಕಡಿಮೆ ತೂಕಕ್ಕೆ ತೂಕ ರೂಪಾಯಿಯೇ ಆಗಿತ್ತು. ಟಂಕಸಾಲೆ ಮುಚ್ಚಿದ ಮೇಲೆ ನಾಣ್ಯದೊಳಗಿನ ಬೆಳ್ಳಿಗೆ ಒಂದು ಬೆಲೆ, ಕಡಗದೊಳಗಿನ ಬೆಳ್ಳಿಗೆ ಇನ್ನೊಂದು ಬೆಲೆ. ರೂಪಾಯಿಯ ಪೂರೈಕೆಯನ್ನು ಬಿಗಿಹಿಡಿದು ದರವನ್ನು 1 ಷಿಲಿಂಗ್ 4 ಪೆನ್ಸಿಗೆ ಎತ್ತಿ ನಿಲ್ಲಿಸುವುದು ಸರ್ಕಾರದ ಉದ್ದೇಶ. ಅದು ಈಡೇರಲು ಐದಾರು ವರ್ಷ ಹಿಡಿಯಿತು. 1899ರಲ್ಲಿ ಚಿನ್ನದ ಸವರನ್ನನ್ನು, ಅಂದರೆ ಒಂದು ಪೌಂಡಿನ ನಾಣ್ಯವನ್ನು, 15 ರೂಪಾಯಿಗೆ ಸಮವೆಂದು ಕಾನೂನು ಮಾಡಿದರು. ಸರ್ಕಾರದ ಆಯವ್ಯಯ ನೆಟ್ಟಗಾಯಿತು. ಕಾಲ್ಗಡಗದ ಬೆಲೆ ಇಳಿದದ್ದು ಯಾವ ಆಯವ್ಯಯದಲ್ಲೂ ಕಾಣಿಸಲಿಲ್ಲ.

ಮೊದಲ ಮಹಾಯುದ್ಧ ಎಲ್ಲವನ್ನೂ ತಿರುಗಾಮುರುಗಾ ಮಾಡಿತು. ಈಗ ಬೆಳ್ಳಿಯ ಬೆಲೆ ಏರತೊಡಗಿತು. ರೂಪಾಯಿಯನ್ನು ಖರ್ಚು ಮಾಡುವುದಕ್ಕಿಂತ ಕರಗಿಸುವುದೇ ಲಾಭ ಎನ್ನುವ ಸ್ಥಿತಿ ಬಂತು. ಸರ್ಕಾರ 1917ರಲ್ಲಿ ಒಂದು ರೂಪಾಯಿಯ ನೋಟು ಹೊರಡಿಸಿತು. ಆಮೇಲೆ ಎರಡೂವರೆ ರೂಪಾಯಿಯ ನೋಟನ್ನೂ ಹೊರಡಿಸಿತು, ನಾಣ್ಯ ಸಂಗ್ರಹಿಸುವವರು ನೋಡಿರುತ್ತೀರಿ. 1918ರಲ್ಲಿ ಅಮೆರಿಕ ಒಂದು ವಿಶೇಷ ಕಾನೂನು ಮಾಡಿ ತನ್ನ ಖಜಾನೆಯ ಬೆಳ್ಳಿ ಡಾಲರುಗಳನ್ನು ಕರಗಿಸಿ ಭಾರತಕ್ಕೆ ಕಳಿಸಿತು. ರೂಪಾಯಿಯ ದರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಹೋದರು.

1920ರಲ್ಲಿ ಬ್ಯಾಬಿಂಗ್ಟನ್ ಸ್ಮಿತ್ ಸಮಿತಿಯ ಶಿಫಾರಸಿನಂತೆ ಸರ್ಕಾರ ರೂಪಾಯಿಗೆ ಚಿನ್ನದ ಲೆಕ್ಕದಲ್ಲಿ 2 ಷಿಲಿಂಗ್ ಎಂದು ನಿಗದಿ ಮಾಡಿತು. ಸಮಿತಿಯಲ್ಲಿದ್ದ ಒಬ್ಬನೇ ಭಾರತೀಯ ದಾದಿಬಾ ದಲಾಲ್ ‘ಬೇಡ, 1 ಷಿಲಿಂಗ್ 4 ಪೆನ್ಸೇ ಇರಲಿ’ ಎಂದು ಭಿನ್ನಮತ ಬರೆದರು. ಯಾರೂ ಕೇಳಲಿಲ್ಲ. ಕೆಲವೇ ತಿಂಗಳಲ್ಲಿ ಬೆಳ್ಳಿ ಇಳಿಯಿತು, ರಫ್ತು ಇಳಿಯಿತು, ರೂಪಾಯಿ ಜಾರಿತು. ಎತ್ತರದ ದರವನ್ನು ಹಿಡಿದಿಡಲು ಸರ್ಕಾರ ಲಂಡನ್ನಿನಲ್ಲಿದ್ದ ಮೀಸಲನ್ನು ಅಗ್ಗದಲ್ಲಿ ಮಾರಿತು. ಕೈಯಲ್ಲಿ ರೂಪಾಯಿ ಇದ್ದವರು ಅದನ್ನು ಪೌಂಡು ಮಾಡಿಕೊಂಡು ದುಂಡಗಾದರು. ಕೊನೆಗೆ ವರ್ಷ ಮುಗಿಯುವುದರೊಳಗೆ ಸರ್ಕಾರ ಕೈಚೆಲ್ಲಿತು. ಈ ದರವನ್ನು ನಂಬಿ ಇಂಗ್ಲೆಂಡಿನಿಂದ ಸರಕು ತರಿಸಿದ್ದ ವರ್ತಕರ ಪಾಡು ನೋಡಿ. 1,000 ಪೌಂಡಿನ ಬಟ್ಟೆಗೆ 10,000 ರೂಪಾಯಿ ಎಂದು ಲೆಕ್ಕ ಹಾಕಿದ್ದರು. ಹಡಗು ಬರುವ ಹೊತ್ತಿಗೆ ಅದು 15,000 ಆಗಿತ್ತು. ಎಷ್ಟೋ ಮಂದಿ ಬಂದರಿನಲ್ಲಿ ಮಾಲು ಬಿಡಿಸಿಕೊಳ್ಳಲೇ ಇಲ್ಲ. ತಮಾಷೆಯೆಂದರೆ, ಯಾರೂ ಪಾಲಿಸದ ಆ 2 ಷಿಲಿಂಗಿನ ದರ ಕಾನೂನಿನ ಪುಸ್ತಕದಲ್ಲಿ 1927ರವರೆಗೂ ಹಾಗೆಯೇ ಉಳಿದಿತ್ತು. ಹಳೆಯ ದರ ಹುಡುಕುವವರು ಬರೀ ಕಾನೂನನ್ನು ನೋಡಿದರೆ ಏಳು ವರ್ಷ ದಾರಿ ತಪ್ಪುತ್ತಾರೆ.

ಈಗ 1926ಕ್ಕೆ ಬರೋಣ. ನನ್ನ ಪ್ರಕಾರ ಈ ಇತಿಹಾಸದ ನಡುಮನೆ ಇದೇ. ರೂಪಾಯಿಯ ವ್ಯವಸ್ಥೆಯನ್ನು ಪರಿಶೀಲಿಸಲು ನೇಮಕವಾಗಿದ್ದ ಹಿಲ್ಟನ್ ಯಂಗ್ ಆಯೋಗ 1 ಷಿಲಿಂಗ್ 6 ಪೆನ್ಸ್ ಎಂದಿತು. ಸದಸ್ಯರಾಗಿದ್ದ ಬೊಂಬಾಯಿಯ ಉದ್ಯಮಿ ಪುರುಷೋತ್ತಮದಾಸ್ ಠಾಕೂರದಾಸ್ 1 ಷಿಲಿಂಗ್ 4 ಪೆನ್ಸ್ ಎಂದು ಪಟ್ಟುಹಿಡಿದು ಪ್ರತ್ಯೇಕ ಟಿಪ್ಪಣಿ ಬರೆದರು. ಎರಡು ಪೆನ್ಸಿಗಾಗಿ ಇಷ್ಟು ಗಲಾಟೆಯೇ ಎಂದು ನಿಮಗೆ ಅನಿಸಬಹುದು. ಮ್ಯಾಂಚೆಸ್ಟರಿನ ಒಬ್ಬ ವ್ಯಾಪಾರಿ 100 ಪೌಂಡಿಗೆ ನಮ್ಮ ಹತ್ತಿ ಕೊಳ್ಳುತ್ತಾನೆ ಎನ್ನಿ. 4 ಪೆನ್ಸಿನ ದರದಲ್ಲಿ ಅದು ಇಲ್ಲಿ 1,500 ರೂಪಾಯಿಯಾಗುತ್ತದೆ, 6 ಪೆನ್ಸಿನ ದರದಲ್ಲಿ 1,333 ರೂಪಾಯಿ. ಹತ್ತಿ ಬೆಳೆದವನ ಕೈಯಿಂದ 167 ರೂಪಾಯಿ ಹೋಯಿತು. ಅವನ ಭೂಕಂದಾಯವಾಗಲಿ ಸಾಲದ ಬಡ್ಡಿಯಾಗಲಿ ಒಂದು ಕಾಸೂ ಇಳಿಯಲಿಲ್ಲ, ಅವು ರೂಪಾಯಿಯಲ್ಲಿ ಗೊತ್ತಾದವು. ಅದೇ ವ್ಯಾಪಾರಿ 100 ಪೌಂಡಿನ ಬಟ್ಟೆಯನ್ನು ಇಲ್ಲಿಗೆ ಕಳಿಸಿದರೆ ಅದು 1,500ರ ಬದಲು 1,333 ರೂಪಾಯಿಗೇ ಸಿಗುತ್ತದೆ. ಇಲ್ಲಿನ ಗಿರಣಿ ಅದರೊಂದಿಗೆ ಪೈಪೋಟಿ ಮಾಡಬೇಕು. ಊರಿಗೆ ಹಣ ಕಳಿಸುವ ಬ್ರಿಟಿಷ್ ಅಧಿಕಾರಿಗೂ, ಹೋಮ್ ಚಾರ್ಜಸ್ ಕಟ್ಟುವ ಸರ್ಕಾರಕ್ಕೂ 6 ಪೆನ್ಸ್ ಹಿತ. ಆಗ ಯಾರು ಯಾವ ಪಕ್ಷ ಹಿಡಿದರೆಂದು ನಾನು ಹೇಳಬೇಕಾಗಿಯೇ ಇಲ್ಲ. 1927ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಕೂದಲೆಳೆಯ ಅಂತರದಲ್ಲಿ 6 ಪೆನ್ಸ್ ಗೆದ್ದಿತು.

ಆ ಆಯೋಗದ ಮುಂದೆ ಸಾಕ್ಷ್ಯ ಹೇಳಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು. ರೂಪಾಯಿಯ ಸಮಸ್ಯೆಯ ಮೇಲೆಯೇ ಲಂಡನ್ನಿನಲ್ಲಿ ಡಾಕ್ಟರೇಟ್ ಮಾಡಿದ್ದವರು ಅವರು. ಉಳಿದವರು 4 ಪೆನ್ಸೋ 6 ಪೆನ್ಸೋ ಎಂದು ಕಾದಾಡುತ್ತಿದ್ದಾಗ ಅವರು ಬುಡಕ್ಕೇ ಕೈ ಹಾಕಿದರು: ರೂಪಾಯಿಯ ಪೂರೈಕೆ ಸರ್ಕಾರದ ಮರ್ಜಿಗೆ ಬಿಟ್ಟಿರುವಾಗ ದರ ಸ್ಥಿರವಾಗಿದ್ದು ಏನು ಪ್ರಯೋಜನ, ದೇಶದೊಳಗೆ ಅದರ ಕೊಳ್ಳುವ ಶಕ್ತಿ ಸ್ಥಿರವಾಗಿರಬೇಡವೇ ಎಂದು. ಇನ್ನೊಂದು ಸಂಗತಿ ಹೇಳುತ್ತೇನೆ. 1930ರ ಜನವರಿಯಲ್ಲಿ ಗಾಂಧೀಜಿ ವೈಸ್‌ರಾಯ್ ಇರ್ವಿನ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಮೊದಲನೆಯದು ಪಾನನಿಷೇಧ, ಎರಡನೆಯದು ರೂಪಾಯಿಯನ್ನು 1 ಷಿಲಿಂಗ್ 4 ಪೆನ್ಸಿಗೆ ಇಳಿಸಬೇಕೆಂಬುದು. ಉಪ್ಪಿನ ತೆರಿಗೆ ಅದರ ಕೆಳಗಿತ್ತು. ಉಪ್ಪು ಪಠ್ಯಪುಸ್ತಕ ಸೇರಿತು, ದರವನ್ನು ನಾವು ಮರೆತೆವು.

ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಇದೆಲ್ಲ ಬೊಂಬಾಯಿಯ ಶೇಟುಗಳ, ಲಂಡನ್ನಿನ ಸಾಹೇಬರ ವಿಷಯ ಎಂದುಕೊಳ್ಳಬೇಡಿ. ರಾಯಚೂರು, ಕಲಬುರಗಿ, ಬೀದರ್ ಕಡೆಯ ಹಿರಿಯರಿಗೆ ವಿನಿಮಯ ದರ ದಿನನಿತ್ಯದ ಮಾತಾಗಿತ್ತು. ನಿಜಾಮರ ರಾಜ್ಯಕ್ಕೆ ತನ್ನದೇ ಹಾಲಿ ಸಿಕ್ಕಾ ರೂಪಾಯಿ ಇತ್ತು. ಬ್ರಿಟಿಷ್ ರೂಪಾಯಿಯನ್ನು ಜನ ಕಲ್ದಾರ್ ಎನ್ನುತ್ತಿದ್ದರು. 100 ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ, ಅಂದರೆ ಆರಕ್ಕೆ ಏಳು. ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿ ಸರಕು ತರುವವನು ಈ ಲೆಕ್ಕ ಬಾಯಿಪಾಠ ಮಾಡಿಕೊಂಡಿರಲೇಬೇಕಿತ್ತು. ರಾಜ್ಯ ಭಾರತಕ್ಕೆ ಸೇರಿದ ಮೇಲೂ ಕೆಲವು ವರ್ಷ ಹಾಲಿ ಚಲಾವಣೆಯಲ್ಲಿತ್ತು.

ಮುಖ್ಯದಾರಿಗೆ ಮರಳೋಣ. 1931ರ ಸೆಪ್ಟೆಂಬರ್ 21ರಂದು ಬ್ರಿಟನ್ ಚಿನ್ನವನ್ನು ಬಿಟ್ಟಿತು, ರೂಪಾಯಿಯನ್ನು ಪೌಂಡಿನ ಬಾಲಕ್ಕೆ ಅದೇ 6 ಪೆನ್ಸಿನ ದರದಲ್ಲಿ ಕಟ್ಟಲಾಯಿತು. ಚಿನ್ನದ ಬೆಲೆ ಏರಿತು. ಮಹಾ ಆರ್ಥಿಕ ಕುಸಿತದಲ್ಲಿ ಬೆಳೆಗೆ ಬೆಲೆ ಸಿಗದ ರೈತರು ಮನೆಯ ಚಿನ್ನ ಮಾರಿದರು, ಅದು ಹಡಗು ಹತ್ತಿ ಹೋಯಿತು. 1934ರ ರಿಸರ್ವ್ ಬ್ಯಾಂಕ್ ಕಾಯಿದೆಯನ್ನು ತೆರೆದು ನೋಡಿದರೆ ಈ ದರವನ್ನು ಎಷ್ಟು ಬಿಗಿಯಾಗಿ ಹೊಲಿದಿದ್ದರು ಎಂಬುದು ತಿಳಿಯುತ್ತದೆ. ಬ್ಯಾಂಕು ಪೌಂಡ್ ಮಾರುವಾಗ ರೂಪಾಯಿಗೆ 1 ಷಿಲಿಂಗ್ 5 ಪೆನ್ಸ್ ಮತ್ತು ಒಂದು ಪೆನ್ನಿಯ ಅರವತ್ತನಾಲ್ಕರಲ್ಲಿ ನಲವತ್ತೊಂಬತ್ತು ಭಾಗಕ್ಕಿಂತ ಕಡಿಮೆ ಕೊಡುವಂತಿಲ್ಲ! ಸ್ವತಂತ್ರ ಭಾರತ ಬಳುವಳಿಯಾಗಿ ಪಡೆದದ್ದು ಈ ದರವನ್ನೇ. ಜೊತೆಗೆ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ನಮಗೆ ಬಾಕಿ ಉಳಿಸಿಕೊಂಡಿದ್ದ ನೂರು ಕೋಟಿ ಪೌಂಡಿಗೂ ಹೆಚ್ಚಿನ ಲೆಕ್ಕವೂ ಬಂತು. ‘ಸಾಲವಿಲ್ಲದ್ದರಿಂದ ಡಾಲರಿಗೆ ಒಂದು ರೂಪಾಯಿ’ ಎನ್ನುವವರಿಗೆ ಉತ್ತರ ಇಲ್ಲೇ ಇದೆ. ಸಾಲಗಾರರಾಗಿದ್ದಾಗಲೂ 6 ಪೆನ್ಸ್, ಸಾಲ ಕೊಟ್ಟವರಾದಾಗಲೂ ಅದೇ 6 ಪೆನ್ಸ್.

1949ರ ಸೆಪ್ಟೆಂಬರಿನಲ್ಲಿ ಪೌಂಡ್ 4.03 ಡಾಲರಿನಿಂದ 2.80ಕ್ಕೆ ಇಳಿಯಿತು. ನಾವೂ ಜೊತೆಗೆ ಇಳಿದೆವು. ಪೌಂಡಿನ ಪಟ್ಟಿಯಲ್ಲಿ ಏನೂ ಬದಲಾಗಲಿಲ್ಲ, ಡಾಲರಿನ ಪಟ್ಟಿಯಲ್ಲಿ 3.30 ಇದ್ದದ್ದು 4.76 ಆಯಿತು. ಪಾಕಿಸ್ತಾನ ಮಾತ್ರ ಇಳಿಯಲಿಲ್ಲ. ಸೆಪ್ಟೆಂಬರಿನವರೆಗೆ ಒಂದಕ್ಕೊಂದು ಸಮವಾಗಿದ್ದ ಎರಡು ರೂಪಾಯಿಗಳು ರಾತ್ರೋರಾತ್ರಿ ಬೇರೆಯಾದವು: ಅವರ 100ಕ್ಕೆ ನಮ್ಮ 144. ಸೆಣಬಿನ ಗಿರಣಿಗಳು ಕಲ್ಕತ್ತೆಯ ಹೂಗ್ಲಿ ದಂಡೆಯ ಮೇಲೆ, ಸೆಣಬಿನ ಗದ್ದೆಗಳು ಪೂರ್ವ ಬಂಗಾಳದಲ್ಲಿ. ಕಚ್ಚಾ ಸೆಣಬು ಒಂದೇ ಏಟಿಗೆ ಶೇ 44ರಷ್ಟು ತುಟ್ಟಿ. ಭಾರತ ಆ ದರವನ್ನು ಒಪ್ಪುವುದಿಲ್ಲ ಎಂದಿತು, ವ್ಯಾಪಾರ ನಿಂತೇಹೋಯಿತು. ಇಲ್ಲಿ ಗಿರಣಿಗಳಿಗೆ ನಾರಿಲ್ಲ, ಅಲ್ಲಿ ರೈತನಿಗೆ ಗಿರಾಕಿಯಿಲ್ಲ. ಮರುವರ್ಷ ಕೊರಿಯಾ ಯುದ್ಧ ಶುರುವಾಗಿ ಸೆಣಬು, ಹತ್ತಿಯ ಬೆಲೆ ಏರಿತು. ಪಾಕಿಸ್ತಾನದ ಹಟಕ್ಕೆ ಬಲ ಬಂತು. 1951ರಲ್ಲಿ ನಾವು 144ನ್ನು ಒಪ್ಪಿಕೊಂಡೆವು. 1955ರಲ್ಲಿ ಅವರೂ ತಮ್ಮ ರೂಪಾಯಿಯನ್ನು ಇಳಿಸಿದರು. ಅಷ್ಟರೊಳಗೆ ನಾವು ನಮ್ಮಲ್ಲೇ ಸೆಣಬು ಬೆಳೆಯಲು ಶುರುಮಾಡಿದ್ದೆವು, ಅವರು ತಮ್ಮಲ್ಲೇ ಗಿರಣಿ ಕಟ್ಟಿದ್ದರು. ಗಡಿ ಎಳೆದು ಎರಡು ವರ್ಷವಾಗಿದ್ದರೂ ವ್ಯಾಪಾರ ನಿಜವಾಗಿ ಇಬ್ಭಾಗವಾದದ್ದು ಈ ದರದಿಂದ.

1966ರ ಜೂನ್ 6 ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಬರಗಾಲ, ಯುದ್ಧದ ಖರ್ಚು, ನೆರವು ಕೊಡುವವರ ಒತ್ತಡ, ಎಲ್ಲವೂ ಕೂಡಿಬಂದಿತ್ತು. ಡಾಲರ್ 4.76ರಿಂದ 7.50ಕ್ಕೆ, ಪೌಂಡ್ 13.33ರಿಂದ 21ಕ್ಕೆ ಏರಿತು. ಅಪಮೌಲ್ಯ ಎಷ್ಟು? ಒಂದು ಪುಸ್ತಕ ಶೇ 36.5 ಎನ್ನುತ್ತದೆ, ಇನ್ನೊಂದು ಶೇ 57.5 ಎನ್ನುತ್ತದೆ. ಎರಡೂ ಸರಿಯೇ. ರೂಪಾಯಿಯ ಕಡೆಯಿಂದ ನೋಡಿದರೆ ಅದರ ಬೆಲೆ ಶೇ 36.5 ಇಳಿಯಿತು, ಡಾಲರ್ ಕೊಳ್ಳುವವನ ಕಡೆಯಿಂದ ನೋಡಿದರೆ ಖರ್ಚು ಶೇ 57.5 ಏರಿತು. ಬೈಯಬೇಕೆಂದಿರುವವನು ದೊಡ್ಡದನ್ನು ಎತ್ತಿಕೊಳ್ಳುತ್ತಾನೆ, ಸಮರ್ಥಿಸುವವನು ಚಿಕ್ಕದನ್ನು.

ಈ ನಿರ್ಧಾರದ ಪೆಟ್ಟು ಗಲ್ಫಿಗೂ ಬಿತ್ತು. ಅಲ್ಲಿನ ಹಲವು ಸಂಸ್ಥಾನಗಳಲ್ಲಿ ಆಗ ನಮ್ಮ ರೂಪಾಯಿಯೇ ಹಣ. ಚಿನ್ನದ ಕಳ್ಳಸಾಗಣೆಗೆ ಕೊಟ್ಟ ನೋಟುಗಳು ಅಲ್ಲಿಂದ ವಾಪಸ್ಸು ಬಂದು ಪೌಂಡ್ ಕೇಳುತ್ತಿದ್ದುದರಿಂದ 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫಿಗಾಗಿಯೇ ಬೇರೆ ಬಣ್ಣದ ನೋಟು ಹೊರಡಿಸಿತ್ತು. ಕುವೈತ್ 1961ರಲ್ಲೇ, ಬಹರೈನ್ 1965ರಲ್ಲಿ ತಮ್ಮ ದಿನಾರ್ ಮಾಡಿಕೊಂಡಿದ್ದವು. 1966ರ ಜೂನಿನಲ್ಲಿ ದೆಹಲಿಯ ಒಂದು ಪ್ರಕಟಣೆಯಿಂದ ತಮ್ಮ ಉಳಿತಾಯ ಕರಗಿದ್ದನ್ನು ಕಂಡ ಕತಾರ್, ದುಬೈಗಳೂ ಹೊರನಡೆದವು. ಒಮಾನ್ 1970ರವರೆಗೆ ಇತ್ತು. ಆ ಮೇಜಿನ ಸುತ್ತ ಅವರಿಗೂ ಕುರ್ಚಿ ಇರಲಿಲ್ಲ.

ಮುಂದಿನದನ್ನು ಬೇಗ ಮುಗಿಸುತ್ತೇನೆ. 1967ರಲ್ಲಿ ಪೌಂಡ್ ಮತ್ತೆ ಇಳಿದಾಗ ನಾವು ಹಿಂಬಾಲಿಸಲಿಲ್ಲ, ಪೌಂಡ್ 18 ರೂಪಾಯಿಗೆ ಬಂತು. 1975ರ ಸೆಪ್ಟೆಂಬರಿನಲ್ಲಿ ಪೌಂಡಿನ ನಂಟನ್ನೇ ಕಡಿದು ಹಲವು ಕರೆನ್ಸಿಗಳ ಗುಂಪಿಗೆ ರೂಪಾಯಿಯನ್ನು ಹೊಂದಿಸಿದರು. 1991ರ ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ಇಳಿಸಿದಾಗ ಡಾಲರ್ ಸುಮಾರು 21ರಿಂದ 26ರ ಹತ್ತಿರಕ್ಕೆ ಹೋಯಿತು. 1992ರಲ್ಲಿ ರಫ್ತುದಾರರು ತಂದ ವಿದೇಶಿ ಹಣದ ಶೇ 40ನ್ನು ಸರ್ಕಾರಿ ದರದಲ್ಲಿ, ಶೇ 60ನ್ನು ಮಾರುಕಟ್ಟೆ ದರದಲ್ಲಿ ಬದಲಾಯಿಸುವ ಜೋಡಿ ಪದ್ಧತಿ ಬಂತು. 1993ರ ಮಾರ್ಚಿನಲ್ಲಿ ಎರಡೂ ಒಂದಾದವು. ಅಲ್ಲಿಂದ ಮೇಜಿನ ಜಾಗಕ್ಕೆ ಮಾರುಕಟ್ಟೆ ಬಂದಿದೆ, ರಿಸರ್ವ್ ಬ್ಯಾಂಕ್ ಪಕ್ಕದಲ್ಲೇ ನಿಂತು ಆಗಾಗ ಕೈ ಹಾಕುತ್ತದೆ.

1947ರಿಂದ ಇಂದಿನವರೆಗೆ ಡಾಲರಿನ ಪಟ್ಟಿ ಹಿಡಿದರೆ ರೂಪಾಯಿ 3.30ರಿಂದ 80ನ್ನು ದಾಟಿದೆ, ಇಪ್ಪತ್ತನಾಲ್ಕು ಪಟ್ಟಿಗೂ ಹೆಚ್ಚು. ಪೌಂಡಿನ ಪಟ್ಟಿ ಹಿಡಿದರೆ 13.33ರಿಂದ 100ನ್ನು ದಾಟಿದೆ, ಏಳೂವರೆ ಪಟ್ಟಿಗೂ ಹೆಚ್ಚು. ರೂಪಾಯಿ ಒಂದೇ, ಕಾಲವೂ ಒಂದೇ. ನಡುವೆ ಪೌಂಡ್ ತಾನೂ ಡಾಲರಿನ ಮುಂದೆ ಬಹಳ ಇಳಿದಿದೆ ಎನ್ನುವುದನ್ನು ಸಂದೇಶ ಕಳಿಸುವವರು ಯಾರೂ ಹೇಳುವುದಿಲ್ಲ.

ನಿಮ್ಮಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿದ್ದೀರಿ, ಅವರಿಗೆ ಎರಡು ಎಚ್ಚರಿಕೆ ಹೇಳುತ್ತೇನೆ. ಹಳೆಯ ಪತ್ರಿಕೆಯಲ್ಲಿ ದರ ನೋಡುವಾಗ ಯಾವ ಕಡೆಯಿಂದ ಬರೆದಿದ್ದಾರೆ ನೋಡಿ. 1993ರ ಆಗಸ್ಟ್ 2ಕ್ಕೆ ಮೊದಲು ನಮ್ಮ ಬ್ಯಾಂಕುಗಳು ನೂರು ರೂಪಾಯಿಗೆ ಎಷ್ಟು ಪೌಂಡ್, ಎಷ್ಟು ಡಾಲರ್ ಎಂದು ಹೇಳುತ್ತಿದ್ದವು. ಅಲ್ಲಿ ಅಂಕಿ ಇಳಿದರೆ ರೂಪಾಯಿ ಇಳಿದಂತೆ. ಎರಡನೆಯದು ವಾರ್ಷಿಕ ಸರಾಸರಿ. 1966ರ ಸಾಲಿನಲ್ಲಿ ಅಂತರರಾಷ್ಟ್ರೀಯ ಪಟ್ಟಿಗಳು ಡಾಲರಿಗೆ ಸುಮಾರು 6.36 ರೂಪಾಯಿ ಎಂದು ತೋರಿಸುತ್ತವೆ. ಆ ವರ್ಷದ ಮೊದಲ ಐದು ತಿಂಗಳು ಸರ್ಕಾರಿ ದರ 4.76, ಉಳಿದ ಏಳು ತಿಂಗಳು 7.50. ಇಡೀ ವರ್ಷದಲ್ಲಿ ಒಂದು ದಿನವೂ ಯಾವ ಬ್ಯಾಂಕೂ 6.36ಕ್ಕೆ ಒಂದು ಡಾಲರನ್ನೂ ಮಾರಿಲ್ಲ.